ಲ್ಯಾಪ್‌ಟಾಪಿನ ಹಣೆಗೆ ವಿಭೂತಿ

ಬಸವಣ್ಣೆಪ್ಪನ ಕೈ ಭಾರ. ಬೈಲಹೊಂಗಲದ ಪತ್ತಿನ ಸಂಘದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಮಾತು. ಅವನು ಪಾಸ್‌ಬುಕ್ಕಿನ ಮೇಲೆ ಸಿಕ್ಕೆ ಹೊಡೆದರೆ ಪಕ್ಕದ ಮೇಜಿನ ಚಹಾ ತುಳುಕುತ್ತಿತ್ತು. ಬಾಗಿಲು ಎಳೆದರೆ ಚಿಲಕ ಕೈಗೇ ಬರುತ್ತಿತ್ತು. ಹಾಗಂತ ಪೈಲವಾನನೇನಲ್ಲ, ಬೈದವರಿಗೂ ‘ಹೌದ್ರಿ’ ಅನ್ನುವ ಮೆತ್ತನೆ ಮನುಷ್ಯ. ದೇವರು ಇದ್ದ ಬಲವನ್ನೆಲ್ಲ ಕೈಗೆ ಸುರಿದು, ಎದೆಗೆ ಹಾಕುವುದನ್ನು ಮರೆತುಬಿಟ್ಟಿದ್ದ.

ಆ ವರ್ಷ ಸಂಘಕ್ಕೆ ಎರಡು ಲ್ಯಾಪ್‌ಟಾಪ್ ಬಂದಿದ್ದವು. ಒಂದು ಬೈಲಹೊಂಗಲದ ಮುಖ್ಯ ಕಚೇರಿಗೆ, ಇನ್ನೊಂದು ಸವದತ್ತಿ ಶಾಖೆಗೆ. ಎರಡೂ ಅವಳಿ ಜವಳಿ. ಅದಲುಬದಲಾದೀತೆಂದು ಅಧ್ಯಕ್ಷ ಜಟ್ಟೆಪ್ಪ ಸಾಹುಕಾರರು ಟ್ರ್ಯಾಕ್ಟರಿನ ಟ್ರೇಲರಿಗೆ ಅಕ್ಷರ ಬರೆಯುವ ಪೇಂಟರನ್ನು ಕರೆಸಿದರು. ಮುಚ್ಚಳದ ಬೆನ್ನ ಮೇಲೆ ಒಂದಕ್ಕೆ ‘ಬೈಲಹೊಂಗಲ’, ಇನ್ನೊಂದಕ್ಕೆ ‘ಸವದತ್ತಿ’ ಅಂತ ಎಣ್ಣೆಬಣ್ಣದಲ್ಲಿ ದಪ್ಪಗೆ ಬರೆಸಿದರು. ಬಣ್ಣ ಉಳಿದಿತ್ತೆಂದು ಪೇಂಟರ್ ಕೆಳಗೆ ಒಂದೊಂದು ಎತ್ತನ್ನೂ ಬಿಡಿಸಿದ.

ಬೈಲಹೊಂಗಲದ್ದನ್ನು ಬಸವಣ್ಣೆಪ್ಪನ ಕೈಗೆ ಕೊಡುವಾಗ ಸಾಹುಕಾರರು ಹೇಳಿದ್ದು ಒಂದೇ ಮಾತು.

“ನೋಡೋ ತಮ್ಮಾ, ನಿನ್ನ ಕೈಯಿ ನನಗ ಗೊತ್ತೈತಿ. ಇದಕ್ಕೇನರ ಆತಂದ್ರ ಮರುದಿನಾನ ನಿನ್ನ ಸವದತ್ತಿ ಶಾಖೆಗೆ ಒಗೀತೇನಿ.”

ಸವದತ್ತಿಯೇನು ಕೆಟ್ಟ ಊರಲ್ಲ. ಆದರೆ ಅಲ್ಲಿ ಬಸವಣ್ಣೆಪ್ಪನ ಮಾವ ಸಂಗಪ್ಪ ಮಾಸ್ತರರು ಇದ್ದರು. ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ನೌಕರಿ ಬಿಟ್ಟರೂ ಕೊರಳ ಸೀಟಿ ಬಿಟ್ಟಿರಲಿಲ್ಲ. ಕೋಳಿ ಕೂಗುವ ಮೊದಲು ಅವರ ಸೀಟಿ ಕೂಗುತ್ತಿತ್ತು. ಏಳುವುದಕ್ಕೆ ಒಂದು ಸೀಟಿ, ಉಣ್ಣುವುದಕ್ಕೆ ಒಂದು, ದೀಪ ಆರಿಸುವುದಕ್ಕೆ ಇನ್ನೊಂದು. ಹೆಂಡತಿ ವಿಜಯಳ ಬಾಣಂತನಕ್ಕೆ ಹೋದಾಗ ಬಸವಣ್ಣೆಪ್ಪ ಅಂಗಳದಲ್ಲಿ ಓಣಿಯ ಮಂದಿಯ ಮುಂದೆ ಬಸ್ಕಿ ಹೊಡೆದು ಬಂದಿದ್ದ. “ನೀವು ಸವದತ್ತಿಗೆ ವರ್ಗ ಮಾಡಿಸಿಕೋರಿ ಅಳಿಯಂದ್ರ, ಊರಾಗ ಮಾವನ ಮನಿ ಇದ್ದಾಗ ಬಾಡಿಗಿ ಮನಿ ಯಾಕ?” ಎಂದು ಮಾಸ್ತರರು ಆಗಿನಿಂದಲೂ ಕಾಯುತ್ತಲೇ ಇದ್ದರು. ಇಲ್ಲಿಯೋ, ಕಚೇರಿಯ ಹಿಂದಿನ ಓಣಿಯಲ್ಲೇ ಸ್ವಂತ ಮನೆ, ಮಧ್ಯಾಹ್ನ ಅವ್ವನ ಕೈಯ ಬಿಸಿ ರೊಟ್ಟಿ, ಆಮೇಲೆ ಒಂದು ಜೊಂಪು ನಿದ್ದೆ. ಮನೆ ಅಳಿಯನಾಗಿ ಸೀಟಿಗೆ ಏಳುವುದಕ್ಕಿಂತ ಕೆರೆ ಬಾವಿ ನೋಡಿಕೊಳ್ಳುವುದು ಲೇಸು ಎಂದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

ಹೀಗಿರುವಾಗ ಖಂಡೇಪೂಜೆ ಬಂತು.

ನಮ್ಮ ಕಡೆ ಅವತ್ತು ಕುಡಗೋಲು, ಕೊಡಲಿ, ತಕ್ಕಡಿ, ಹೊಲಿಗೆ ಯಂತ್ರ, ಮೋಟರ್ ಸೈಕಲ್ಲು ಏನನ್ನೂ ಬಿಡದೆ ತೊಳೆದು ಪೂಜೆಗೆ ಕೂಡಿಸುತ್ತಾರೆ. ಒಮ್ಮೆ ಪೂಜೆಗೆ ಕೂತ ಆಯುಧವನ್ನು ಮರುದಿನ ದಸರೆಯ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಈಳಿಗೆ ಕೂಡ ದೇವರ ಮುಂದೆ ಕೂತಿರುತ್ತದೆ. ಬದನೆಕಾಯಿ ಬೇಕಾದರೆ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳಬೇಕು.

ಸಂಘದಲ್ಲಿ ಎರಡೂ ಲ್ಯಾಪ್‌ಟಾಪುಗಳಿಗೆ ಕೂಡಿಯೇ ಪೂಜೆಯಾಗಬೇಕೆಂದು ಸಾಹುಕಾರರ ಅಪ್ಪಣೆಯಾಗಿತ್ತು. ಸಂಜೆ ಅವರು ರಾಮದುರ್ಗದಿಂದ ಬರುವ ಬೀಗರನ್ನು ಕರೆದುಕೊಂಡು ಮಂಗಳಾರತಿಗೆ ಬರುವವರಿದ್ದರು. ಯಂತ್ರದ ಪರದೆಯ ಮೇಲೆ ಲಕ್ಷ್ಮಿಯ ಚಿತ್ರ ಝಗಝಗ ಹೊಳೆಯಬೇಕು, ಬೀಗರು ಬಾಯಿ ತೆರೆಯಬೇಕು. ಸವದತ್ತಿ ಶಾಖೆಯ ಲಕ್ಕಪ್ಪ ಮೊದಲನೇ ಬಸ್ಸಿಗೇ ತನ್ನ ಯಂತ್ರ ತಂದಿಟ್ಟು, “ಸಂಜಿಗೆ ಬರತೇನಿ” ಅಂತ ಹೆಂಡತಿ ಮಕ್ಕಳಿದ್ದ ಮನೆಗೆ ಹೋಳಿಗೆ ಉಣ್ಣಲು ಓಡಿದ್ದ. ಪಾಪ, ಅವನ ಸಂಸಾರವೆಲ್ಲ ಬೈಲಹೊಂಗಲದಲ್ಲೇ. ಊರಿಗೆ ವರ್ಗ ಕೊಡಿರೆಂದು ಕೇಳಿ ಕೇಳಿ ಅವನ ಗಂಟಲು ಒಣಗಿತ್ತು.

ರಜೆಯ ದಿನ. ಕಚೇರಿಯಲ್ಲಿ ಬಸವಣ್ಣೆಪ್ಪ ಒಬ್ಬನೇ. ಮಿಂದು ಮಡಿಯುಟ್ಟು, ತಿಜೋರಿಗೆ ಮೂರು ಬೆರಳಿನ ವಿಭೂತಿ ಎಳೆದ. ತಕ್ಕಡಿಗೆ ಎಳೆದ. ಹಳೆಯ ಟೈಪ್‌ರೈಟರಿಗೂ ಎಳೆದ. ಬೈಲಹೊಂಗಲದ ಲ್ಯಾಪ್‌ಟಾಪ್ ತೆರೆದು ಲಕ್ಷ್ಮಿಯ ಚಿತ್ರ ಬರಿಸಿದ. ಈಗ ಇದರ ಹಣೆ ಯಾವುದು? ತಿಜೋರಿಗಾದರೆ ಬೀಗದ ಮೇಲೆ ಹಣೆ ಅನ್ನಬಹುದು. ಇದಕ್ಕೆ ಪರದೆಯೇ ಮುಖ. ಅಂದಮೇಲೆ ಅದರ ಮೇಲ್ಭಾಗವೇ ಹಣೆ. ಹಸಿ ವಿಭೂತಿಯಲ್ಲಿ ಬೆರಳು ಅದ್ದಿ ಎಳೆದ. ಜಾರಿತು. ಮತ್ತೆ ಎಳೆದ. ಗೆರೆ ಮೂಡಲಿಲ್ಲ. “ಶಿವನ ಗೆರಿ ಮೂಡಂಗಿಲ್ಲಂದ್ರ ಹೆಂಗ?” ಎಂದು ಕೈಗೆ ಸ್ವಲ್ಪ ಭಾರ ಕೊಟ್ಟ.

ಟಕ್!

ಮೊದಲು ಅವನಿಗೆ ತನ್ನ ಬೆರಳೇ ಲಟಿಗೆ ಮುರಿಯಿತೆನ್ನಿಸಿತು. ಆಮೇಲೆ ನೋಡುತ್ತಾನೆ, ವಿಭೂತಿಯ ಕೆಳಗಿನಿಂದ ಮಸಿ ಚೆಲ್ಲಿದಂತೆ ಕಪ್ಪು ಹರಡುತ್ತಿದೆ. ಗಡಬಡಿಸಿ ಧೋತರದ ಚುಂಗಿನಿಂದ ಒರೆಸಿದ. ವಿಭೂತಿ ಹೋಯಿತು, ಮೂರು ಗೆರೆ ಹೋಗಲಿಲ್ಲ. ಪರದೆಯ ಒಳಗೇ ಹಸಿರು, ಕೆಂಪು, ನೀಲಿ ಪಟ್ಟೆಗಳಾಗಿ ಕೂತಿದ್ದವು. ಲಕ್ಷ್ಮಿಯ ಮುಖಕ್ಕೆ ಗ್ರಹಣ ಹಿಡಿದಿತ್ತು.

“ಎಪ್ಪಾ ಶಿವನ! ನಿನಗ ವಿಭೂತಿ ಹಚ್ಚಿದ್ದಕ್ಕ ಹಿಂಗ ಮಾಡ್ತಿಯೇನೋ?” ಬಸವಣ್ಣೆಪ್ಪನಿಗೆ ಅಳುವೇ ಬಂತು. ಎಲ್ಲೋ ದೂರದಲ್ಲಿ ಮಾವನ ಸೀಟಿ ಕೇಳಿಸಿದಂತಾಯಿತು.

ಹುಬ್ಬಳ್ಳಿಯ ಕಂಪ್ಯೂಟರ್ ಅಂಗಡಿಯವನಿಗೆ ಫೋನು ಹಚ್ಚಿದ. ಅವನು ಬಾಯಲ್ಲಿ ಕಡುಬು ಇಟ್ಟುಕೊಂಡೇ ಮಾತಾಡಿದ.

“ಪರದೆ ಹೋತ್ರಿ ಅದು. ಬ್ಯಾರೆ ಹಾಕಬೇಕು. ಇವತ್ತ ಹಬ್ಬ, ನಮ್ಮ ಮಂದಿ ಯಾರೂ ಇಲ್ಲ. ಧೈರ್ಯ ಇದ್ರ ನೀವ ಹಾಕ್ರಿ, ಅದೇನ ರಾಕೆಟ್ ಅಲ್ಲ. ಮೊದಲ ಬ್ಯಾಟರಿ ತಗೀರಿ. ಪರದೆ ಸುತ್ತ ರಬ್ಬರಿನ ಗುಂಡಿ ಅದಾವಲ್ಲ, ಅವನ್ನ ಕೀಳ್ರಿ, ಕೆಳಗ ಸ್ಕ್ರೂ ಸಿಗತಾವ. ಚೌಕಟ್ಟು ಹಗೂರಕ ಬಿಚ್ಚಿ, ಹಿಂದಿನ ವಾಯರ್ ಜಗ್ಗದಂಗ ತಗದು, ಹೊಸಾದಕ್ಕ ಹಚ್ಚೂದು. ಆತು.”

“ಹೊಸಾ ಪರದೆ ಎಲ್ಲಿಂದ ತರಲ್ರಿ?”

“ಅದಽ ಮಾಡೆಲ್ಲಿನ ಇನ್ನೊಂದು ಇದ್ರ ಅದರದ್ದ ಇದಕ್ಕ ಬರೋಬರಿ ಕೂಡತೈತಿ. ಆದ್ರ ಇನ್ನೊಂದು ನಿಮಗ ಎಲ್ಲಿಂದ ಬರಬೇಕ್ರಿ? ಹ್ಹ ಹ್ಹ!” ಎಂದು ನಕ್ಕು ಅವನು ಫೋನಿಟ್ಟ.

ಬಸವಣ್ಣೆಪ್ಪ ನಗಲಿಲ್ಲ. ಅವನ ಕಣ್ಣು ಪಕ್ಕದ ಮಣೆಯ ಮೇಲೆ ಎತ್ತಿನ ಚಿತ್ರ ಹೊತ್ತು ಸುಮ್ಮನೆ ಕೂತಿದ್ದ ‘ಸವದತ್ತಿ’ಯ ಮೇಲೆ ಬಿದ್ದಿತ್ತು.

ಮೊದಲು ಮನಸ್ಸು ಒಪ್ಪಲಿಲ್ಲ. ಲಕ್ಕಪ್ಪ ಒಳ್ಳೆಯವನು, ಎಲೆಯಡಿಕೆ ಚೀಲ ತೆಗೆದರೆ ಮೊದಲು ಇವನ ಕಡೆಗೇ ಚಾಚುವವನು. ಅವನ ತಲೆಗೆ ಕಟ್ಟುವುದೆ? ಛೀ. ಆದರೆ ಸ್ವಲ್ಪ ಹೊತ್ತು ಕೂತು ವಿಚಾರ ಮಾಡಿದಾಗ ಒಂದು ದಿವ್ಯವಾದ ನ್ಯಾಯ ಹೊಳೆಯಿತು. ಯಂತ್ರ ಕೆಡಿಸಿದವರಿಗೆ ಶಿಕ್ಷೆ ಏನು? ಸವದತ್ತಿಗೆ ವರ್ಗ. ಲಕ್ಕಪ್ಪ ಇರುವುದು ಎಲ್ಲಿ? ಸವದತ್ತಿಯಲ್ಲಿ. ಸವದತ್ತಿಯಲ್ಲಿದ್ದವನನ್ನು ಸವದತ್ತಿಗೆ ವರ್ಗ ಮಾಡಲು ಸಾಹುಕಾರರ ಅಪ್ಪನಿಂದಲೂ ಆಗದು. ಅಂದರೆ ಲಕ್ಕಪ್ಪನಿಗೆ ನಷ್ಟವೇನೂ ಇಲ್ಲ! ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ.

ಇನ್ನು ಬೇಕಾದ್ದು ಒಂದು ಸ್ಕ್ರೂಡ್ರೈವರ್ ಮಾತ್ರ. ಆಗ ನೆನಪಾಯಿತು, ಇವತ್ತು ಖಂಡೇಪೂಜೆ.

ಮನೆಗೆ ಓಡಿದ. ಅವ್ವ ಗುರುಬಸವ್ವ ಇಕ್ಕಳ, ಸುತ್ತಿಗೆ, ಸ್ಕ್ರೂಡ್ರೈವರ್ ಎಲ್ಲಕ್ಕೂ ಸೇವಂತಿಗೆ ಏರಿಸಿ, ಅವುಗಳ ಮುಂದೆ ಕಾವಲು ಕೂತಂತೆ ಕೂತಿದ್ದಳು.

“ಪೂಜಿಗೆ ಕುಂತದ್ದನ್ನ ಮುಟ್ಟತಿಯೇನೋ ಭಾಡ್ಯಾ? ಕೈ ಮುರದೇನಿ! ವರ್ಷಾನಗಟ್ಟಲೆ ಅದನ್ನ ಕಣ್ಣೆತ್ತಿ ನೋಡದಾಂವಗ ಇವತ್ತಽ ಬೇಕಾತೇನ?”

ಅಲ್ಲಿಂದ ಕಚೇರಿಯ ಎದುರಿನ ಗ್ಯಾರೇಜಿಗೆ ಬಂದ. ಮೆಕ್ಯಾನಿಕ್ ಪರಶುವಿನ ಬಳಿ ಊರಿಗಾಗುವಷ್ಟು ಸ್ಕ್ರೂಡ್ರೈವರ್ ಇದ್ದವು. ಎಲ್ಲ ಬಾಳೆಲೆಯ ಮೇಲೆ ಕುಂಕುಮ ಹಚ್ಚಿಕೊಂಡು ಮದುಮಕ್ಕಳ ಹಾಗೆ ಮಲಗಿದ್ದವು.

“ನನ್ನ ಕಿಸೆದಾಗಿನ ರೊಕ್ಕಾ ಕೇಳ್ರಿ, ಕೊಡತೇನಿ. ಸ್ಕ್ರೂಡ್ರೈವರ್ ಕೇಳಬ್ಯಾಡ್ರಿ ಸಾಹೇಬ್ರ,” ಎಂದು ಪರಶು ಕೈ ಮುಗಿದ. “ಹ್ವಾದ ವರ್ಷ ಖಂಡೇಪೂಜಿ ದಿನ ನಟ್ಟು ಬಿಚ್ಚೂ ಒಂದ ಪಾನಾ ಎತ್ತಿದ್ದೆ. ವರ್ಷಪೂರ್ತಿ ಬರೇ ಪಂಕ್ಚರ್ ಗಿರಾಕಿನ ಬಂದೂವ. ಅಂದಂಗ ಯಾಕ ಬೇಕಾಗಿತ್ರಿ?”

“ಅದು… ಕಚೇರಿ ಗಡಿಯಾರ ನಿಂತೈತಿ,” ಎಂದು ಬಾಯಿಗೆ ಬಂದದ್ದನ್ನು ಹೇಳಿ ಬಸವಣ್ಣೆಪ್ಪ ಅಲ್ಲಿಂದ ಕಾಲ್ತೆಗೆದ.

ರೇಡಿಯೋ ರಿಪೇರಿಯವನು ಬಾಗಿಲನ್ನೇ ತೆರೆಯಲಿಲ್ಲ. ಕೈಮಗ್ಗದವನು ಬುದ್ಧಿ ಹೇಳಿ ಕಳಿಸಿದ. ಇಡೀ ಬೈಲಹೊಂಗಲದಲ್ಲಿ ಅವತ್ತು ಒಂದು ಮೊಳೆ ಕೀಳುವುದಕ್ಕೂ ಆಯುಧ ಸಿಗುತ್ತಿರಲಿಲ್ಲ.

ಸೋತು ಬಂದು ಕಚೇರಿಯ ಹಿತ್ತಿಲ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತ. ಪಕ್ಕದ ಮನೆಯ ಶಟ್ಟೆವ್ವ ಅಲ್ಲೇ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಮೊನ್ನೆಯಷ್ಟೇ ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡು ಬಂದ ಮುದುಕಿ. ಕಣ್ಣಿಗೆ ದಪ್ಪ ಕರೀ ಕನ್ನಡಕ. ಸೊಂಟದಲ್ಲಿ ಬೆಳ್ಳಿಯ ಗೊಂಚಲು; ಅದರಲ್ಲಿ ಒಂದು ಚಿಮಟಿಗೆ, ಒಂದು ಹಲ್ಲುಕಡ್ಡಿ, ಒಂದು ಕಿವಿಯ ಗುಗ್ಗೆ ತೆಗೆಯುವ ಕಡ್ಡಿ. ಅವಳು ಆ ಗುಗ್ಗೆಕಡ್ಡಿಯನ್ನು ಕಿವಿಗೆ ಹಾಕಿ ಸುಖವಾಗಿ ತಿರುವುತ್ತಿದ್ದಳು.

ಬಸವಣ್ಣೆಪ್ಪ ಆ ತಿರುವನ್ನೇ ನೋಡಿದ. ಕಡ್ಡಿಯ ಇನ್ನೊಂದು ತುದಿ ಚಪ್ಪಟೆಯಾಗಿತ್ತು.

“ಶಟ್ಟೆವ್ವಾ, ಇದನ್ನ ಪೂಜಿಗೆ ಕೂಡಿಸಿಲ್ಲೇನ?”

“ಹುಚ್ಚ ಅದಿಯೇನೋ? ಇದು ಆಯುಧ ಹೆಂಗಾತು? ಒಡವಿ ಇದು, ನಮ್ಮವ್ವ ಮದುವ್ಯಾಗ ಕೊಟ್ಟದ್ದು.”

ಬಸವಣ್ಣೆಪ್ಪ ಅವಳ ಕಾಲು ಹಿಡಿಯುವುದೊಂದು ಬಾಕಿ. ಕಂಪ್ಯೂಟರಿನ ಕಣ್ಣಿಗೆ ಏನೋ ಆಗಿದೆ, ಒಂದು ಗಳಿಗೆ ಕೊಡು ಎಂದು ಗೋಗರೆದ. ಮುದುಕಿ ಕರಗಿದಳು. ಆದರೆ ಬೆಳ್ಳಿಯನ್ನು ಬಿಟ್ಟಿರುವ ಜೀವವಲ್ಲ ಅದು. “ನಾನೂ ಬರತೇನಿ” ಅಂತ ಬಂದು ಹಿತ್ತಿಲ ಬಾಗಿಲಲ್ಲೇ ಕೂತಳು. ಕರೀ ಕನ್ನಡಕದಲ್ಲಿ ಒಳಗಿನದು ಅವಳಿಗೆ ನೆರಳು ನೆರಳು; ಎರಡು ಯಂತ್ರವೋ ಒಂದೋ ತಿಳಿಯುವಂತಿರಲಿಲ್ಲ. ಬಸವಣ್ಣೆಪ್ಪನಿಗೆ ಬೇಕಾದ್ದೂ ಅದೇ.

“ಏನ ಮಾಡಾಕತ್ತಿ?”

“ಪರದೆ ತಗದು ಬ್ಯಾರೆ ಪರದೆ ಹಾಕಾಕತ್ತೇನಿ.”

“ಹಾಂ! ನನಗೂ ಹಂಗಽ ಮಾಡಿದ್ರು!” ಮುದುಕಿಗೆ ಉತ್ಸಾಹ ಬಂತು. “ಮೊದಲ ಹನಿ ಹಾಕಬೇಕೋ, ಇಲ್ಲಂದ್ರ ಉರೀತೈತಿ. ಆಮ್ಯಾಲೆ ತಲಿ ಬಗ್ಗಸಾಕ ಬಿಡಬ್ಯಾಡ. ತಲಿಗೆ ನೀರ ಹಾಕಬ್ಯಾಡ. ಬದನೀಕಾಯಿ ಮುಟ್ಟಸಬ್ಯಾಡ, ನಂಜಾಕ್ಕೈತಿ.”

“ಹೂಂ ಯವ್ವಾ, ಮುಟ್ಟಸಂಗಿಲ್ಲ.”

ರಬ್ಬರಿನ ಗುಂಡಿ ಕಿತ್ತ. ಬೆಳ್ಳಿಯ ಕಡ್ಡಿ ಸ್ಕ್ರೂವಿನ ತಲೆಯಲ್ಲಿ ಬರೋಬರಿ ಕೂತಿತು. ಜೀವಮಾನದಲ್ಲಿ ಮೊದಲ ಬಾರಿ ಬಸವಣ್ಣೆಪ್ಪ ತನ್ನ ಕೈಗೆ ಹೇಳಿಕೊಂಡ, ಹಗೂರಕಪಾ, ಹಗೂರಕ. ಉಸಿರು ಬಿಗಿ ಹಿಡಿದು ಒಂದೊಂದೇ ಸ್ಕ್ರೂ ತೆಗೆದು, ಉರುಳಿ ಹೋಗದಿರಲೆಂದು ಕೈಗೆ ಸಿಕ್ಕ ತಟ್ಟೆಯಲ್ಲಿ ಹಾಕುತ್ತ ಹೋದ. ಬೈಲಹೊಂಗಲದ ಪರದೆ ಹೊರಗೆ ಬಂತು. ಸವದತ್ತಿಯದೂ ಬಂತು. ಒಳ್ಳೆಯ ಪರದೆಯನ್ನು ‘ಬೈಲಹೊಂಗಲ’ದ ಚೌಕಟ್ಟಿಗೆ ಕೂಡಿಸಿ, ವಾಯರು ಹಚ್ಚಿ, ಸ್ಕ್ರೂ ತಿರುವಿ ಮುಗಿಸಿದ. ಒಡೆದದ್ದನ್ನು ‘ಸವದತ್ತಿ’ಗೆ ಕೂಡಿಸುವಷ್ಟರಲ್ಲಿ ಮುಂಬಾಗಿಲು ದಡಬಡ ಬಡಿಯಿತು.

“ಸಾಹೇಬ್ರ, ಗಡಿಯಾರ ಚಾಲೂ ಆತೇನ್ರಿ?” ಪರಶುವಿನ ದನಿ.

ಬಸವಣ್ಣೆಪ್ಪ ಎರಡೂ ಯಂತ್ರಗಳ ಮೇಲೆ ಶಲ್ಯ ಎಳೆದು ಬಾಗಿಲು ತೆರೆದ. ಪರಶು ಒಳಗೆ ಬಂದು ಗೋಡೆ ನೋಡಿದ. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

“ನಡದೈತಲ್ರಿ!”

“ಈಗ… ಈಗ ಚಾಲೂ ಆತು.”

“ಸ್ಕ್ರೂಡ್ರೈವರ್ ಇಲ್ದಽ?”

“ಬರೇ ಕೈಲೆ.”

“ಭಾರಿ ಕೈ ಬಿಡ್ರಿ ನಿಮ್ಮದು!” ಎಂದು ಮೆಚ್ಚುತ್ತ ಪರಶು, ಪೂಜೆಯ ಮುಂದಿದ್ದ ಹುರಿಗಡಲೆಯ ಪುಟಾಣಿ-ಸಕ್ಕರೆ ತಟ್ಟೆಯಿಂದ ಒಂದು ಹಿಡಿ ಎತ್ತಿ ಬಾಯಿಗೆ ಹಾಕಿದ. ಸ್ಕ್ರೂ ಹಾಕಿದ್ದ ತಟ್ಟೆ ಅದೇ.

ಕಟ್!

“ಅಯ್ಯಯ್ಯೋ ಹಲ್ಲು! ಪುಟಾಣ್ಯಾಗ ಹಳ್ಳು ಅದಾವ್ರಿ!”

“ಉಗುಳೋ, ಉಗುಳು!” ಬಸವಣ್ಣೆಪ್ಪ ಅಂಗೈ ಒಡ್ಡಿದ.

“ಪ್ರಸಾದ ಉಗುಳಬಾರದ್ರಿ,” ಎಂದು ಧರ್ಮಭೀರು ಪರಶು ಗಟಕ್ಕನೆ ನುಂಗಿಬಿಟ್ಟ. “ಆದ್ರ ಪುಟಾಣಿ ಅಂಗಡಿ ಬದಲು ಮಾಡ್ರಿ,” ಎಂದು ಉಪದೇಶವನ್ನೂ ಕೊಟ್ಟು ದವಡೆ ಹಿಡಿದುಕೊಂಡು ಹೋದ.

ಹೊಟ್ಟೆಯೊಳಗೆ ಹೋದ ಸ್ಕ್ರೂವನ್ನು ಗುಗ್ಗೆಕಡ್ಡಿಯಿಂದ ತೆಗೆಯಲು ಬರುವಂತಿರಲಿಲ್ಲ. ಉಳಿದದ್ದರಲ್ಲೇ ಒಡೆದ ಪರದೆಯನ್ನು ‘ಸವದತ್ತಿ’ಗೆ ಬಿಗಿದು, ಮುಚ್ಚಳ ಮುಚ್ಚಿ, ಮೇಲೆ ಹೂವೇರಿಸಿದ. ‘ಬೈಲಹೊಂಗಲ’ದ ಗುಂಡಿ ಒತ್ತಿದ. ಲಕ್ಷ್ಮಿ ಝಗ್ಗನೆ ಬಂದು ನಕ್ಕಳು. ಬಸವಣ್ಣೆಪ್ಪ ಅಲ್ಲೇ ಅಡ್ಡಬಿದ್ದ. ವಿಭೂತಿ ಮಾತ್ರ ಮುಟ್ಟಲಿಲ್ಲ.

“ಕಣ್ಣು ಬಂತೇನೋ?” ಬಾಗಿಲಿನಿಂದ ಶಟ್ಟೆವ್ವ ಕೇಳಿದಳು.

“ಬಂತಬೇ ಯವ್ವಾ, ಬಂತು! ಆದ್ರ ಯಾರ ಮುಂದೂ ಹೇಳಬ್ಯಾಡ.”

“ನಾ ಯಾಕ ಹೇಳಲಿ?” ಎಂದು ಶಟ್ಟೆವ್ವ ಕಡ್ಡಿಯನ್ನು ಸೆರಗಿನಿಂದ ಒರೆಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಹೇಳಬೇಡ ಎಂದ ಮಾತು ಶಟ್ಟೆವ್ವನ ಬಾಯಲ್ಲಿ ಮನೆ ಮುಟ್ಟುವವರೆಗೂ ನಿಲ್ಲುತ್ತಿರಲಿಲ್ಲ ಎನ್ನುವುದು ಬಸವಣ್ಣೆಪ್ಪನಿಗೆ ಆ ಸಂತೋಷದಲ್ಲಿ ಮರೆತುಹೋಯಿತು.

ಸಂಜೆ ಸಾಹುಕಾರರು ಬೀಗರ ದಂಡಿನೊಂದಿಗೆ ಬಂದರು. ಲಕ್ಕಪ್ಪ ಹೋಳಿಗೆಯ ನಿದ್ದೆಯಿಂದ ಕಣ್ಣು ಉಜ್ಜಿಕೊಳ್ಳುತ್ತ ಬಂದ. ಹಬ್ಬಕ್ಕೆಂದು ಮಧ್ಯಾಹ್ನದ ಬಸ್ಸಿಗೆ ಮಗಳ ಮನೆಗೆ ಬಂದಿಳಿದಿದ್ದ ಸಂಗಪ್ಪ ಮಾಸ್ತರರು ಕೂಡ ಹೊಸ ಬಿಳಿ ಅಂಗಿ ತೊಟ್ಟು, ಅದರ ಮೇಲೆ ಸೀಟಿ ಇಳಿಬಿಟ್ಟುಕೊಂಡು ಬಂದರು. ಮಂಗಳಾರತಿಯಾಯಿತು. ಬಸವಣ್ಣೆಪ್ಪ ಬೈಲಹೊಂಗಲದ ಲ್ಯಾಪ್‌ಟಾಪ್ ತೆರೆದ. ಲಕ್ಷ್ಮಿ ಹೊಳೆದಳು. ರಾಮದುರ್ಗದ ಬೀಗರು ಬಾಯಿ ತೆರೆದರು. ಸಾಹುಕಾರರು ಮೀಸೆ ಸವರಿಕೊಂಡರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

“ನೋಡ್ರಿ ಸಾವ್ಕಾರ್ರ,” ಶಟ್ಟೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. “ಮುಂಜಾನಿ ಇದರ ಕಣ್ಣ ಹೋಗಿತ್ತು. ನಿಮ್ಮ ಬಸವಣ್ಣೆಪ್ಪ ಪರದೆ ತಗದು ಬ್ಯಾರೆ ಹಾಕಿದ. ಯಾತರಲೆ ಅಂತೀರಿ? ನನ್ನ ಗುಗ್ಗಿಕಡ್ಡೀಲೆ! ಆ ಕ್ಯಾಂಪಿನ ಡಾಕ್ಟರಗೂ ಇಂಥಾ ಕೈ ಇಲ್ಲ.”

“ಗಡಿಯಾರಾನೂ ಬರೇ ಕೈಲೆ ಚಾಲೂ ಮಾಡಿದ್ರು!” ಹಿಂದಿನಿಂದ ಪರಶು ದವಡೆ ಹಿಡಿದುಕೊಂಡೇ ಸಾಕ್ಷಿ ನುಡಿದ.

ಸಾಹುಕಾರರು ಬಸವಣ್ಣೆಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಖರೇನ ಏನೋ? ತಾನಾಗಿ ಕೆಟ್ಟಿದ್ದನ್ನ ನೀನ ರಿಪೇರಿ ಮಾಡಿದಿ?”

“ಹೌ… ಹೌದ್ರಿ.”

“ಶಾಬಾಸ್! ಹುಬ್ಬಳ್ಳ್ಯಾಂವಗ ದಂಡ ತೆರೂದು ತಪ್ಪಿಸಿದಿ. ಇಂಥಾ ಮನಿಶ್ಯಾನ್ನ ಇಟ್ಟಕೊಂಡು ನನಗ ಗೊತ್ತಽ ಇರಲಿಲ್ಲ ನೋಡ್ರಿ ಬೀಗರ!”

ಬಸವಣ್ಣೆಪ್ಪನಿಗೆ ಹೋದ ಜೀವ ಬಂತು. ಬೀಗರೂ ಶಾಬಾಸ್ ಎಂದರು. ಶಟ್ಟೆವ್ವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

“ಲಕ್ಕಪ್ಪಾ, ನಿನ್ನದೂ ತೆರಿಯೋ. ಬೀಗರು ಎರಡೂ ನೋಡ್ಲಿ,” ಎಂದರು ಸಾಹುಕಾರರು.

ಲಕ್ಕಪ್ಪ ಹೂವು ಸರಿಸಿ ‘ಸವದತ್ತಿ’ಯನ್ನು ತೆರೆದು ಗುಂಡಿ ಒತ್ತಿದ. ಕಪ್ಪು ಮೋಡ, ಅದರಲ್ಲಿ ಕಾಮನಬಿಲ್ಲಿನ ಮೂರು ಗೆರೆ. ಪರದೆ ಒಂದು ಕಡೆಗೆ ಲಟಲಟ ಅಲುಗಾಡಿತು. ಬೀಗರು ತೆರೆದ ಬಾಯಿ ಮುಚ್ಚಿದರು.

“ಏನೋ ಇದು?” ಸಾಹುಕಾರರು ಗುಡುಗಿದರು.

ಲಕ್ಕಪ್ಪನ ಮುಖ ಹುಳ್ಳಗಾಯಿತು. “ನಿನ್ನಿ ನೆಟ್ಟಗಿತ್ರಿ… ಬಸ್ಸಿನಾಗ ಎಲ್ಲಮ್ಮನ ಗುಡ್ಡದ ಮಂದಿ ಭಾಳ ಇದ್ರು. ತೊಡಿ ಮ್ಯಾಲೆ ಇಟ್ಟಕೊಂಡಿದ್ದೆ. ಒಬ್ಬಾಕಿ ಅದರ ಮ್ಯಾಲೆ ಬುಟ್ಟಿ ಇಟ್ಟಳ್ರಿ. ದೇವರ ಬುಟ್ಟಿ, ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ…” ಪುಣ್ಯಾತ್ಮ ತಾನೇ ತಪ್ಪು ಹುಡುಕಿ ತಾನೇ ಒಪ್ಪಿಕೊಂಡಿದ್ದ.

ಬಸವಣ್ಣೆಪ್ಪ ನೆಲ ನೋಡುತ್ತ ನಿಂತ. ಎದೆಯಲ್ಲಿ ಚುರುಕ್ಕೆಂದಿತು. ಆದರೂ ಒಳಗಿನ ನ್ಯಾಯಾಧೀಶ ಸಮಾಧಾನ ಹೇಳಿದ, ಸವದತ್ತಿಯವನನ್ನು ಸವದತ್ತಿಗೆ ಒಗೆಯಲು ಬರುವುದಿಲ್ಲ, ಸುಮ್ಮನಿರು.

“ನಿನ್ನನ್ನ ಅಲ್ಲಿ ದೂರ ಬಿಟ್ಟದ್ದಽ ತಪ್ಪಾತು,” ಸಾಹುಕಾರರು ತೀರ್ಪು ಕೊಟ್ಟರು. “ಹಬ್ಬ ಮುಗದ ಮ್ಯಾಲೆ ನೀ ಇಲ್ಲೇ ನನ್ನ ಕಣ್ಣಮುಂದ ಬೈಲಹೊಂಗಲದಾಗ ಕುಂಡರಬೇಕು. ಇದಽ ನಿನಗ ಶಿಕ್ಷಾ! ಬಸವಣ್ಣೆಪ್ಪಾ, ನೀ ಸವದತ್ತಿ ಶಾಖೆಗೆ ಹೋಗು. ನಿನಗ ಪರದೆ ರಿಪೇರಿ ಬರತೈತಿ. ಇದನ್ನೂ ಅಲ್ಲೇ ಕುಂತು ನೆಟ್ಟಗ ಮಾಡು, ಮುಂದ ಕೆಡದಂಗ ಕಾಯಮ್ಮಾಗಿ ಅಲ್ಲೇ ಇರು.”

ಬಸವಣ್ಣೆಪ್ಪ ಬಾಯಿ ತೆರೆದ. ನಿಜ ಹೇಳಿದರೆ ಯಂತ್ರ ಒಡೆದದ್ದಕ್ಕೆ ಸವದತ್ತಿ. ಹೇಳದಿದ್ದರೆ ರಿಪೇರಿ ಬಂದದ್ದಕ್ಕೆ ಸವದತ್ತಿ. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ.

ಲಕ್ಕಪ್ಪ ಶಿಕ್ಷೆಯ ಭಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಆದರೆ ನಗು ಅಂಗೈಯ ಹಿಂದೆ ಅಡಗುತ್ತಿರಲಿಲ್ಲ. ಸಂಗಪ್ಪ ಮಾಸ್ತರರು ಎರಡೇ ಹೆಜ್ಜೆಗೆ ಮುಂದೆ ಬಂದು ಅಳಿಯನ ಬೆನ್ನಿಗೆ ಬಾರಿಸಿ, “ಖೋಲಿ ತಯಾರೈತ್ರಿ ಅಳಿಯಂದ್ರ! ದಸರಾ ಮುಗಿಸಿ ಮೊದಲನೇ ಬಸ್ಸಿಗೆ ಹೊರಡೂಣು,” ಎಂದವರೇ ಆನಂದ ತಡೆಯಲಾರದೆ ಸೀಟಿ ಬಾಯಿಗಿಟ್ಟು ಊದಿದರು. ಬಸವಣ್ಣೆಪ್ಪ ತನಗರಿವಿಲ್ಲದೆ ಸೆಟೆದು ನಿಂತ.

ಎಲ್ಲರೂ ಹೋದಮೇಲೆ ಶಟ್ಟೆವ್ವ ಬಂದು, ಸೊಂಟದ ಗೊಂಚಲಿನಿಂದ ಬೆಳ್ಳಿಯ ಗುಗ್ಗೆಕಡ್ಡಿಯೊಂದನ್ನೇ ಬಿಡಿಸಿ ಅವನ ಭಾರವಾದ ಕೈಯಲ್ಲಿಟ್ಟಳು.

“ಇಟಗೋ ನನ್ನಪ್ಪಾ. ಅಲ್ಲಿ ಇನ್ನೊಂದರ ಕಣ್ಣ ತಗೀಬೇಕಲ್ಲ, ಬೇಕಾಕ್ಕೈತಿ. ಆದ್ರ ಒಂದ ಹೇಳು, ಬ್ಯಾರೆ ಪರದೆ ಎಲ್ಲಿಂದ ತರತಿ?”